ಅಮೆರಿಕದಿಂದ ತರಿಸಿದ ದನಿ

ಕಂಪ್ಯೂಟರಿನಲ್ಲಿ ಏನಾದರೂ ಕೊಳ್ಳುವಾಗ ಕಾರ್ಡಿನ ನಂಬರು ಒತ್ತುವ ಗಳಿಗೆ ಬಂತೆಂದರೆ ನನ್ನ ಎಡಗೈ ತಾನಾಗಿ ಎದ್ದು ಬಲಗೈಯನ್ನು ಮುಚ್ಚಿಕೊಳ್ಳುತ್ತದೆ. ಕೋಣೆಯಲ್ಲಿ ನಾನೊಬ್ಬನೇ ಇದ್ದರೂ ಅಷ್ಟೇ, ಬಾಗಿಲು ಹಾಕಿದ್ದರೂ ಅಷ್ಟೇ. ಪರೀಕ್ಷೆಯಲ್ಲಿ ಪಕ್ಕದವನಿಗೆ ಉತ್ತರ ಕಾಣಬಾರದೆಂದು ಕೈ ಅಡ್ಡ ಇಟ್ಟು ಬರೆಯುವ ಜಾಣ ಹುಡುಗರಿರುತ್ತಾರಲ್ಲ, ಹಾಗೆ. ಶಾಲೆಯಲ್ಲಿ ನಾನು ಅಂಥ ಜಾಣನಾಗಿರಲಿಲ್ಲ. ನನ್ನ ಉತ್ತರ ನೋಡಲು ಯಾರೂ ಕತ್ತು ಉದ್ದ ಮಾಡುತ್ತಿರಲಿಲ್ಲ. ಮೊನ್ನೆ ಹೆಂಡತಿ ಸುಮಂಗಲಾ ಬಾಗಿಲಲ್ಲಿ ನಿಂತು ಇದನ್ನು ನೋಡಿ ನಕ್ಕಳು.

“ಯಾರದಾರ ಅಂತ ಮುಚ್ಚಾಕತ್ತೀರಿ? ಗ್ವಾಡಿಗೇನು ಕಣ್ಣ ಬಂದಾವೇನ್ರೀ?”

ನಗಲಿ ಬಿಡಿ. ಆ ಕೈ ಯಾಕೆ ಏಳುತ್ತದೆ ಎಂಬುದು ಅವಳಿಗೂ ಚೆನ್ನಾಗಿ ಗೊತ್ತು.

ನಾನು ಹುಟ್ಟಾ ಅಂಜುಬುರುಕ. ಗದಗಿನಿಂದ ಬಂದು ತೊಂಬತ್ತರ ದಶಕದಲ್ಲಿ ಬೆಂಗಳೂರಿನ ಇಂದಿರಾನಗರದಲ್ಲಿ ಒಂದು ಖಾಸಗಿ ಕಂಪನಿ ಸೇರಿದಾಗ, ದೇವರು ನನ್ನ ಸ್ವಭಾವವನ್ನು ನೋಡಿಯೇ ಇರಬೇಕು, ಪರ್ಚೇಸ್ ವಿಭಾಗದಲ್ಲಿ ಕೂರಿಸಿದ. ಕೊಳ್ಳುವುದೇ ಉದ್ಯೋಗ, ಅನುಮಾನಪಡುವುದೇ ಅರ್ಹತೆ. ಒಂದು ಡಬ್ಬಿ ಗ್ರೀಸ್ ತರಬೇಕಾದರೂ ಮೂರು ಅಂಗಡಿಗಳ ಕೊಟೇಶನ್ ತರಿಸುತ್ತಿದ್ದೆ. ಮಾದರಿ ನೋಡದೆ ಒಂದು ಕಸಬರಿಗೆಯನ್ನೂ ಒಪ್ಪಿದವನಲ್ಲ. ಸಹೋದ್ಯೋಗಿಗಳು ನನ್ನನ್ನು ಹಿಂದಿನಿಂದ ‘ಸ್ಯಾಂಪಲ್ ಬಸವರಾಜ’ ಎಂದು ಕರೆಯುತ್ತಿದ್ದರು. ಅದು ನನಗೆ ಗೊತ್ತಿತ್ತು, ಒಳಗೊಳಗೇ ಸ್ವಲ್ಪ ಹೆಮ್ಮೆಯೂ ಇತ್ತು.

ಈ ಅಂಜಿಕೆಗೆ ಬುನಾದಿ ಹಾಕಿದ್ದು ಒಂದು ರೇಡಿಯೋ. ನಾನು ಆರನೆಯ ಇಯತ್ತೆಯಲ್ಲಿದ್ದಾಗ ಅಪ್ಪ ವಾರಪತ್ರಿಕೆಯೊಂದರ ಹಿಂಬದಿಯ ಚೌಕದಲ್ಲಿ ಅಂಕಿ ತುಂಬಿ ಕಳಿಸಿ ಟ್ರಾನ್ಸಿಸ್ಟರ್ ಗೆದ್ದರು. ಅಂಚೆ ಖರ್ಚು ಮಾತ್ರ ಕೊಟ್ಟು ಬಿಡಿಸಿಕೊಳ್ಳಬೇಕು, ಅಷ್ಟೇ. ಓಣಿಯ ಅರ್ಧ ಜನ ನಮ್ಮ ಹಿಂದೆ ಅಂಚೆ ಕಚೇರಿಗೆ ಬಂದರು. ಡಬ್ಬಿಯಲ್ಲಿ ರೇಡಿಯೋ ಇತ್ತು, ಇಲ್ಲವೆನ್ನಲಾಗದು. ಗುಂಡಿಗಳು ತಿರುಗುತ್ತಿದ್ದವು, ಮುಳ್ಳೂ ಸರಿಯುತ್ತಿತ್ತು. ಒಳಗೆ ಮಾತ್ರ ಏನೂ ಇರಲಿಲ್ಲ, ಬರೀ ಟೊಳ್ಳು. ಅಪ್ಪ ಕನ್ನಡ ಶಾಲೆಯ ಮಾಸ್ತರರು, ಮೆತ್ತನೆಯ ಮನುಷ್ಯ. ಅದನ್ನು ಕಂಕುಳಲ್ಲಿ ಇಟ್ಟುಕೊಂಡು ತಲೆ ತಗ್ಗಿಸಿ ಮನೆಯ ದಾರಿ ಹಿಡಿದರು. ಅವ್ವ ಹಿಡಿಯಲಿಲ್ಲ. ಅಂಚೆ ಕಚೇರಿಯ ಮೆಟ್ಟಿಲ ಮೇಲೆ ನಿಂತು, ಆ ಪತ್ರಿಕೆಯವರಿಗೆ, ಅಂಕಿ ಕಂಡುಹಿಡಿದವರಿಗೆ, ಆಮೇಲೆ ಏನೂ ತಪ್ಪು ಮಾಡದ ಪೋಸ್ಟ್ ಮಾಸ್ತರರಿಗೂ ಎಂಥ ದನಿಯಲ್ಲಿ ಬೈದಳೆಂದರೆ ಅವರು ಕಿಟಕಿ ಮುಚ್ಚಿ ಒಳಗೆ ಕೂತರು. ನಮ್ಮ ಮನೆಯಲ್ಲಿ ಅಂಜುವುದು ಅಪ್ಪನ ಮತ್ತು ನನ್ನ ಪಾಲಿನ ಕೆಲಸ, ಬೈಯುವುದು ಅವ್ವನದು. ಹೀಗೆ ಕೆಲಸ ಹಂಚಿಕೆಯಾಗಿ ಸಂಸಾರ ಸುಖವಾಗಿಯೇ ನಡೆದಿತ್ತು.

ಅಪ್ಪ ತೀರಿದ ಮೇಲೆ ಅವ್ವ ನಮ್ಮ ಜೊತೆಗೇ ಇರಲು ಕೃಷ್ಣರಾಜಪುರಕ್ಕೆ ಬಂದಳು. ಬಂದ ತಿಂಗಳೊಳಗೆ ಇಡೀ ಬೀದಿ ಅವಳದಾಯಿತು. ನಮ್ಮದು ರೈಲ್ವೆ ಸ್ಟೇಷನ್ನಿಗೆ ಹತ್ತಿರದ ಬೀದಿ, ಗಾಡಿ ಹೋಗುವಾಗ ಕಿಟಕಿಯ ಗಾಜು ಗಡಗಡ ಎನ್ನುತ್ತಿತ್ತು. ಆ ಸದ್ದಿನ ಮೇಲೆ ಮಾತನಾಡುವ ಶಕ್ತಿ ಬೀದಿಯಲ್ಲಿ ಅವಳೊಬ್ಬಳಿಗೇ ಇದ್ದದ್ದು. ತರಕಾರಿಯವನನ್ನು ಮಹಡಿಯ ಮೇಲಿಂದಲೇ ಚೌಕಾಸಿಯಲ್ಲಿ ಮಣಿಸುತ್ತಿದ್ದಳು. ಎದುರು ಮನೆಯ ತಮಿಳಿನ ಸೆಲ್ವಿಯಮ್ಮ ನಮ್ಮ ಅವ್ವನಿಂದ ಕನ್ನಡ ಕಲಿತು, “ಹೌದಿಲ್ಲೋ?” ಎಂದು ಮಾತು ಮುಗಿಸತೊಡಗಿದರು. ನನ್ನ ಮಗಳು ಪಲ್ಲವಿ ಅಜ್ಜಿಯ ಮಡಿಲಲ್ಲಿ ಕೂತು ಮಾತು ಕಲಿತಳು.

ನಂತರ ಒಂದು ಮಳೆಗಾಲ ಅವ್ವನ ದನಿ ಒಡೆಯಿತು. ನೆಗಡಿ ಎಂದುಕೊಂಡೆವು. ಶುಂಠಿ ಕಷಾಯ, ಜ್ಯೇಷ್ಠಮಧು, ಉಪ್ಪಿನ ಬಿಸಿನೀರು, ಎಲ್ಲ ಆಯಿತು. ಗಂಟಲು ಮಾತ್ರ ದಿನದಿನಕ್ಕೂ ಬಿರುಸಾಗುತ್ತ ಹೋಯಿತು. ಆಸ್ಪತ್ರೆಯಲ್ಲಿ ಒಂದು ಚೂರು ತೆಗೆದು ಪರೀಕ್ಷೆಗೆ ಕಳಿಸಿದ ಡಾಕ್ಟರು ನನ್ನನ್ನು ಒಬ್ಬನನ್ನೇ ಒಳಗೆ ಕರೆದರು. ಗಂಟಲಿನ ಕ್ಯಾನ್ಸರ್. ದನಿಪೆಟ್ಟಿಗೆಯನ್ನು ಪೂರ್ತಿ ತೆಗೆಯಬೇಕು, ತೆಗೆದರೆ ಜೀವ ಉಳಿಯುತ್ತದೆ, ದನಿ ಉಳಿಯುವುದಿಲ್ಲ. ಅವ್ವನಿಗೆ ಇದನ್ನು ಹೇಳುವ ಧೈರ್ಯ ನನಗಿರಲಿಲ್ಲ, ಸುಮಂಗಲಾ ಹೇಳಿದಳು. ಅವ್ವ ಆ ಒಡಕು ದನಿಯಲ್ಲೇ, “ಹಂಗಾದ್ರ ಇವತ್ತ ಎಲ್ಲಾರಿಗೂ ಬೈದು ಮುಗಿಸ್ತೀನಿ” ಎಂದಳು. ಯಾರಿಗೂ ಬೈಯಲಿಲ್ಲ.

ಆಪರೇಷನ್ ಆಯಿತು. ಕತ್ತಿನ ಬುಡದಲ್ಲಿ ಮಾಡಿದ ರಂಧ್ರದಿಂದ ಅವ್ವ ಉಸಿರಾಡತೊಡಗಿದಳು. ಅದರ ಮೇಲೆ ತೆಳು ಬಟ್ಟೆ, ಬಟ್ಟೆಯ ಮೇಲೆ ಸೆರಗು. ಮನೆಯಲ್ಲಿ ಎಂಥ ಮೌನ ಬಂತೆಂದರೆ, ಅದುವರೆಗೆ ಕೇಳಿಸದಿದ್ದ ಗೋಡೆ ಗಡಿಯಾರ ಕೇಳಿಸತೊಡಗಿತು. ಪಲ್ಲವಿಯ ಪಾಟಿ ಬಳಪ ಅವ್ವನ ಕೈಗೆ ಹೋಯಿತು. ಕರೆಯಬೇಕಾದರೆ ಚಪ್ಪಾಳೆ ತಟ್ಟುತ್ತಿದ್ದಳು. ಒಂದು ದಿನ ಒಲೆಯ ಮೇಲಿನ ಹಾಲು ಉಕ್ಕುವಾಗ, ಕೈಯಲ್ಲಿ ಬಟ್ಟಲು ಹಿಡಿದಿದ್ದ ಅವ್ವ ಚಪ್ಪಾಳೆಯನ್ನೂ ತಟ್ಟಲಾಗದೆ ಬಾಯಿ ಅಗಲಿಸಿ ಕೂಗುವುದನ್ನು ನೋಡಿದೆ. ಬಾಯಿ ಪೂರ್ತಿ ಕೂಗುತ್ತಿತ್ತು, ಸದ್ದು ಇರಲಿಲ್ಲ. ಆ ನೋಟ ನನ್ನ ಕಣ್ಣಿನಿಂದ ಬಹಳ ದಿನ ಹೋಗಲಿಲ್ಲ. ನಾಳೆ ಬಚ್ಚಲಲ್ಲಿ ಜಾರಿಬಿದ್ದರೆ? ಪಕ್ಕದ ಕೋಣೆಯಲ್ಲಿ ಉಸಿರು ಕಟ್ಟಿದರೆ? ನಮಗೆ ಗೊತ್ತಾಗುವುದಾದರೂ ಹೇಗೆ?

ಆಸ್ಪತ್ರೆಯಲ್ಲಿ ಮಾತು ಕಲಿಸುವ ಮೇಡಂ ಒಬ್ಬರಿದ್ದರು. ಅನ್ನನಾಳದಿಂದ ಗಾಳಿ ತಂದು ಮಾತನಾಡುವುದನ್ನು ಅವ್ವನಿಗೆ ಕಲಿಸಲು ಪಾಪ ಬಹಳ ಯತ್ನಿಸಿದರು, ಅವ್ವನಿಗೆ ತೇಗು ಮಾತ್ರ ಬಂತು. ಅಲ್ಲಿ ಒಂದು ದಿನ ಒಬ್ಬ ಮುದುಕರು ಟಾರ್ಚಿನಂಥ ಒಂದು ಯಂತ್ರವನ್ನು ಗಂಟಲಿಗೆ ಒತ್ತಿ ಗುಂಡಿ ಅದುಮಿ ಮಾತನಾಡುತ್ತಿದ್ದರು. ಯಂತ್ರ ಗುಂಯ್‌ಗುಡುತ್ತದೆ, ಬಾಯಿ ಆ ಸದ್ದನ್ನು ಮಾತಾಗಿಸುತ್ತದೆ. ಅವ್ವ ನನ್ನ ತೋಳು ಹಿಡಿದು ಎಳೆದು ಅವರ ಕಡೆ ಬೆರಳು ತೋರಿಸಿದಳು. ನನಗೆ ಅದು ಬೇಕು ಎಂದು ಮಗು ಗೊಂಬೆ ತೋರಿಸುವಂತೆ. ಅವ್ವ ನನ್ನನ್ನು ಏನನ್ನಾದರೂ ಕೇಳಿದ್ದು ನನಗೆ ನೆನಪಿರುವಂತೆ ಅದೇ ಮೊದಲು.

“ಇಲ್ಲಿ ಸುಲಭಕ್ಕೆ ಸಿಗಲ್ಲ,” ಎಂದರು ಮೇಡಂ. “ಅವರ ಅಳಿಯ ಅಮೆರಿಕಾದಿಂದ ತಂದುಕೊಟ್ಟಿದ್ದು. ನಿಮ್ಮೋರು ಯಾರಾದ್ರೂ ಇದ್ದಾರಾ ಅಲ್ಲಿ?”

ನಮ್ಮವರಲ್ಲಿ ನನ್ನನ್ನು ಬಿಟ್ಟರೆ ಯಾರೂ ಹುಬ್ಬಳ್ಳಿಯಿಂದಾಚೆ ಹೋದವರಲ್ಲ.

ಪರದೇಶದ ವಸ್ತು ಎಂದರೆ ನನಗೆ ಗೊತ್ತಿದ್ದದ್ದು ಶಿವಾಜಿನಗರದ ರಫೀಕ್. ಮಾರುಕಟ್ಟೆಯ ಹಿಂದಿನ ಗಲ್ಲಿಯಲ್ಲಿ ಅವನದು ಕಿರಿದಾದ ಅಂಗಡಿ, ಗಲ್ಫಿನಿಂದ ಬರುವವರು ತಂದ ಅತ್ತರು, ಕ್ಯಾಮೆರಾ, ಶೇವಿಂಗ್ ಸೆಟ್ಟು ಮಾರುತ್ತಿದ್ದ. ಬೆಂಗಳೂರಿಗೆ ಬಂದ ಹೊಸತರಲ್ಲಿ ಅವನಿಂದ ‘ಜಪಾನ್’ ಟಾರ್ಚ್ ಕೊಂಡಿದ್ದೆ, ವಾರದಲ್ಲೇ ಕೆಟ್ಟಿತು. ಜಗಳಕ್ಕೆ ಹೋಗಲು ಧೈರ್ಯವಿಲ್ಲದೆ ಗಲ್ಲಿಯಲ್ಲೇ ಅತ್ತಿತ್ತ ಸುಳಿದಾಡುತ್ತಿದ್ದ ನನ್ನನ್ನು ಅವನೇ ಕರೆದು, ಮಾತಿಲ್ಲದೆ ಬೇರೆ ಟಾರ್ಚ್ ಕೊಟ್ಟು, ಚಹಾ ತರಿಸಿದ. ಅಂದಿನಿಂದ ನಮಗೆ ಸ್ನೇಹ. ಅವನು ಕೊಟ್ಟ ಒಳ್ಳೆಯ ವಸ್ತುಗಳಿಂದ ಹುಟ್ಟದ ನಂಬಿಕೆ, ವಾಪಸು ತೆಗೆದುಕೊಂಡ ಒಂದು ಕೆಟ್ಟ ಟಾರ್ಚಿನಿಂದ ಹುಟ್ಟಿತ್ತು. ಯೋಚಿಸಿದರೆ ಎಲ್ಲ ನಂಬಿಕೆಯೂ ಹಾಗೆಯೇ ಏನೋ.

ಅವ್ವನ ವಿಷಯ ಕೇಳಿ ಅವನ ಮುಖ ಸಣ್ಣದಾಯಿತು. ದುಬೈಗೆ, ಮಸ್ಕತ್‌ಗೆ ಫೋನು ಮಾಡಿಸಿದ. ಯಾರಿಗೂ ಅಂಥ ಯಂತ್ರ ಗೊತ್ತಿರಲಿಲ್ಲ.

ಆಗಲೇ ಆಫೀಸಿನ ಹುಡುಗನೊಬ್ಬ ಆ ವೆಬ್‌ಸೈಟಿನ ಹೆಸರು ಹೇಳಿದ್ದು. ಅಮೆರಿಕದ ಅಂಗಡಿಗಳು ಇಂಡಿಯಾಕ್ಕೆ ಕಳಿಸುವುದಿಲ್ಲ, ಆದರೆ ಇವರು ನಿಮ್ಮ ಪರವಾಗಿ ಅಲ್ಲಿ ಕೊಂಡು, ಇಲ್ಲಿಗೆ ತರಿಸಿ, ಮನೆಗೆ ಮುಟ್ಟಿಸುತ್ತಾರೆ. ಮೊದಲು ಪೂರ್ತಿ ಹಣ ಕಟ್ಟಬೇಕು. ಆಫೀಸು ಅಂತ ಒಂದು ಇಂದಿರಾನಗರದ ವಿಳಾಸವೂ ಇತ್ತು. ಪುಟದ ತುಂಬ ನಗುವ ಮುಖಗಳು, ಕೆಳಗೆ ‘ನಂಬಿ ಕೊಂಡೆ, ಮೋಸ ಹೋಗಲಿಲ್ಲ’ ಎಂಬರ್ಥದ ಇಂಗ್ಲಿಷು.

“ಮುಖಾನೇ ಇಲ್ವಲ್ಲ ಸಾರ್ ಆ ಅಂಗಡಿಗೆ,” ಎಂದ ರಫೀಕ್. “ಮಾಲು ಕೆಟ್ರೆ ಯಾರ್ ಹತ್ರ ಹೋಗ್ತೀರಾ? ಕಂಪ್ಯೂಟರ್ ಕಾಲರ್ ಹಿಡೀತೀರಾ?”

ಅವನ ಮಾತು ನನ್ನ ಮನಸ್ಸಿನದೇ ಆಗಿತ್ತು. ಆದರೆ ಮನೆಗೆ ಹೋದರೆ ಅವ್ವ ಪಾಟಿಯಲ್ಲಿ ದಪ್ಪಕ್ಷರದಲ್ಲಿ ಬರೆದು ಕಾಯುತ್ತಿದ್ದಳು: ‘ಸಿಕ್ಕಿತೇನು?’ ಅಳಿಸಿ ಮತ್ತೆ ಬರೆಯುವ ಗೋಜು ಬೇಡವೆಂದು ಅದನ್ನು ಹಾಗೇ ಇಟ್ಟುಕೊಂಡಿರುತ್ತಿದ್ದಳು.

ರಾಮಮೂರ್ತಿ ನಗರದ ಒಂದು ಸೈಬರ್ ಕೆಫೆಯಲ್ಲಿ ಕೂತೆ. ಮೂರು ಕೊಟೇಶನ್ ಇಲ್ಲ, ಸ್ಯಾಂಪಲ್ ಇಲ್ಲ. ಹಿಂದೆ ಇಬ್ಬರು ಹುಡುಗರು ಕಂಪ್ಯೂಟರ್ ಆಟ ಆಡುತ್ತ ಗುಂಡು ಹಾರಿಸುತ್ತಿದ್ದರು. ಎಡಗೈಯನ್ನು ಅಡ್ಡ ಇಟ್ಟುಕೊಂಡು ಕಾರ್ಡಿನ ಒಂದೊಂದೇ ಅಂಕಿ ಒತ್ತಿದೆ. ಕೊನೆಯ ಗುಂಡಿ ಒತ್ತಿದಾಗ ಪರದೆಯ ಮೇಲೆ ಒಂದು ಚಕ್ರ ತಿರುಗತೊಡಗಿತು. ದಯವಿಟ್ಟು ಕಾಯಿರಿ, ಹಿಂದಕ್ಕೆ ಹೋಗಬೇಡಿ ಎಂದಿತು. ನಾನು ಉಸಿರನ್ನೂ ಬಿಡಲಿಲ್ಲ.

ಕರೆಂಟು ಹೋಯಿತು.

ಪರದೆ ಕಪ್ಪಗಾಯಿತು, ಫ್ಯಾನು ನಿಂತಿತು. ಹಿಂದಿನ ಹುಡುಗರು “ಹೋಯ್ತಲ್ಲೋ ಮಗಾ!” ಎಂದು ಕೂಗಿದರು, ಪಾಪ ಅವರ ಆಟದ ಬಗ್ಗೆ. ನನಗೆ ಮಾತ್ರ ಅದು ನನ್ನ ಬಗ್ಗೆಯೇ ಹೇಳಿದಂತಿತ್ತು. ಹಣ ಹೋಗಿದೆಯೋ, ಹೋಗಿಲ್ಲವೋ? ಮತ್ತೆ ಒತ್ತಿದರೆ ಎರಡು ಸಲ ಹೋಗುತ್ತದೆಯೋ? ಕೆಫೆಯವನು, “ಬರತ್ತೆ ಬಿಡಿ ಸಾರ್, ಟ್ರಾನ್ಸ್‌ಫಾರ್ಮರ್ ಪ್ರಾಬ್ಲಮ್” ಎಂದು ಹೊರಗೆ ಹೋಗಿ ಬೀಡಿ ಹಚ್ಚಿದ. ಬೆವರಿಗೆ ಅಂಗಿ ಬೆನ್ನಿಗೆ ಅಂಟಿತ್ತು.

ಹಣ ಹೋಗಿತ್ತು. ಆರ್ಡರ್ ಸಿಕ್ಕಿದೆ ಎಂಬ ಈಮೇಲೂ ಬಂತು. ಅವ್ವನಿಗೆ ಹೇಳಿದಾಗ ಅವಳು ಪಾಟಿಯಲ್ಲಿ ಏನೂ ಬರೆಯಲಿಲ್ಲ, ನನ್ನ ಕೆನ್ನೆ ಸವರಿ ಲಟಿಕೆ ಮುರಿದಳು.

ಆಮೇಲಿನದು ಕಾಯುವ ಕಾಲ. ನಾನು ದಿನಕ್ಕೊಮ್ಮೆ ಅವರಿಗೆ ಫೋನು ಮಾಡುತ್ತಿದ್ದೆ. “ಗುಡ್ ಮಾರ್ನಿಂಗ್, ಪ್ರಿಯಾ ಮಾತಾಡ್ತಿರೋದು” ಎನ್ನುತ್ತಿದ್ದಳು ಒಬ್ಬ ಹುಡುಗಿ. ಸಾಮಾನು ಹೊರಟಿದೆ ಸಾರ್, ದಾರಿಯಲ್ಲಿದೆ ಸಾರ್. ಮಾರನೆಯ ದಿನ ಬೇರೆ ದನಿ, ಅದೂ ಪ್ರಿಯಾ. ಇನ್ನೊಂದು ದಿನ ಕೀಚಲು ದನಿ, ಅದೂ ಪ್ರಿಯಾ. ಆ ಹೊತ್ತಿಗೇ ಹಲ್ಲಿನ ಕ್ಲಿನಿಕ್ಕೊಂದರ ಪಾಂಪ್ಲೆಟ್ ಪೇಪರಿನೊಳಗಿಂದ ಬಿತ್ತು. ಅದರಲ್ಲಿ ಹಲ್ಲು ಬಿಟ್ಟು ನಗುತ್ತಿದ್ದ ಹೆಂಗಸು ವೆಬ್‌ಸೈಟಿನಲ್ಲಿ ‘ನಂಬಿ ಕೊಂಡೆ’ ಎಂದಿದ್ದ ಹೆಂಗಸೇ. ಅದೇ ನಗು, ಅದೇ ನೀಲಿ ಓಲೆ. ಆ ಪಾಂಪ್ಲೆಟ್ಟನ್ನು ಅವ್ವನಿಗೆ ಕಾಣದಂತೆ ಮಡಚಿ ಜೇಬಿಗೆ ಹಾಕಿಕೊಂಡೆ. ಟೊಳ್ಳು ರೇಡಿಯೋದ ಗುಂಡಿ ತಿರುಗಿಸುತ್ತಿದ್ದ ಅಪ್ಪನ ಬೆರಳುಗಳು ಕಣ್ಣ ಮುಂದೆ ಬಂದವು.

ನಂತರ ಫೋನು ಎತ್ತುವವರೇ ಇಲ್ಲವಾದರು. ಒಂದು ಬೆಳಿಗ್ಗೆ ವೆಬ್‌ಸೈಟೂ ತೆರೆಯಲಿಲ್ಲ.

ಅವ್ವ ಮಾತ್ರ ಊಟವಾದ ಮೇಲೆ ಕುರ್ಚಿಯನ್ನು ಕಿಟಕಿಗೆ ಎಳೆದುಕೊಂಡು ಕೊರಿಯರ್ ಬೈಕಿನ ದಾರಿ ನೋಡುತ್ತ ಕೂರುತ್ತಿದ್ದಳು. ತುಟಿ ಅಲುಗುತ್ತಿತ್ತು. ಮಾತು ಮರೆಯಬಾರದೆಂದು ಬಾಯಿಯಲ್ಲೇ ಅಭ್ಯಾಸ.

“ನಿಮಗ ಹೇಳಾಕ ಆಗೂದಿಲ್ಲಂದ್ರ ನಾನ ಹೇಳ್ತೀನಿ,” ಎಂದಳು ಸುಮಂಗಲಾ ಅಡುಗೆಮನೆಯಲ್ಲಿ ದನಿ ತಗ್ಗಿಸಿ. “ಕಾಯಿಸೂದು ಪಾಪರೀ.”

“ಒಂದ ಸಲ ಹೋಗಿ ನೋಡಿ ಬರ್ತೀನಿ,” ಎಂದೆ.

ಒಬ್ಬನೇ ಹೋಗಲು ಅಂಜಿಕೆ. ರಫೀಕ್ ಅಂಗಡಿಗೆ ಬೀಗ ಹಾಕಿ ನನ್ನ ಜೊತೆ ಬಂದ. ಇಂದಿರಾನಗರದ ಆ ವಿಳಾಸದಲ್ಲಿ, ನನ್ನ ಆಫೀಸಿನಿಂದ ನಡೆದು ಹೋಗುವಷ್ಟು ಹತ್ತಿರ, ಒಂದು ಬ್ಯೂಟಿ ಪಾರ್ಲರ್ ಇತ್ತು. ಮಹಡಿಗೆ ಬೀಗ. ಕಾವಲಿನವನು, “ಖಾಲಿ ಮಾಡ್ಕೊಂಡ್ ಹೋದ್ರು. ಮಾರತ್ತಹಳ್ಳಿ ಕಡೆ ಅಂದ್ರಪ್ಪ, ಪಂಪಿನ ಅಂಗಡಿ ಮೇಲೆ” ಎಂದ. ಅಷ್ಟು ದಿನ ಪಕ್ಕದಲ್ಲೇ ಇದ್ದ ಅಂಗಡಿಯ ಮುಖವನ್ನು ಒಂದು ಸಲವೂ ಹೋಗಿ ನೋಡಿರಲಿಲ್ಲ ನಾನು, ಸ್ಯಾಂಪಲ್ ಬಸವರಾಜ.

ಮಾರತ್ತಹಳ್ಳಿಯಲ್ಲಿ ರಿಂಗ್ ರೋಡಿನ ಧೂಳು ಕುಡಿಯುತ್ತ ಪಂಪಿನ ಅಂಗಡಿಗಳನ್ನು ಒಂದೊಂದಾಗಿ ವಿಚಾರಿಸಿದೆವು. ಕೊನೆಗೊಂದರ ಮಹಡಿಯ ಮೇಲೆ ಹೆಸರಿಲ್ಲದ ಬಾಗಿಲು. ಹೊರಗೆ ಬೀಗವಿಲ್ಲ, ಆದರೆ ತಟ್ಟಿದರೆ ಸದ್ದಿಲ್ಲ. ರಫೀಕ್ ಕಿವಿ ಇಟ್ಟು ಕೇಳಿ ಪಿಸುಗುಟ್ಟಿದ: “ಒಳಗೆ ಯಾರೋ ಇದ್ದಾರೆ ಸಾರ್. ಉಸಿರು ಕೇಳ್ತಿದೆ.”

ಅವನು ಬಾಗಿಲನ್ನು ಗುದ್ದಿದ. “ತೆಗೀರಿ! ದುಡ್ಡು ತಿಂದು ಒಳಗೆ ಕೂತ್ಕೊಂಡಿದ್ದೀರಾ?”

ಬಾಗಿಲಿನ ಹಿಂದಿನಿಂದ ಒಂದು ಸಣ್ಣ ದನಿ ಬಂತು. “ನಾನು ಒಬ್ಳೇ ಇದ್ದೀನಿ ಸಾರ್. ಹೊಡೀಬೇಡಿ.”

ಜೀವಮಾನವೆಲ್ಲ ಬೇರೆಯವರಿಗೆ ಅಂಜಿದವನು ನಾನು. ನನಗೆ ಅಂಜಿ ಒಬ್ಬರು ಬಾಗಿಲು ಹಾಕಿಕೊಂಡದ್ದು ಅದೇ ಮೊದಲು. ರಫೀಕ್ ಕೂಡ ಗುದ್ದುವ ಕೈಯನ್ನು ಕೆಳಗಿಳಿಸಿದ.

“ಇಲ್ಲಮ್ಮ, ಹೊಡಿಯೋಕೆ ಬಂದಿಲ್ಲ. ನಮ್ಮ ತಾಯಿಗೆ ಒಂದು ಮಷೀನು ತರಿಸಿದ್ವಿ, ಅದನ್ನ ಕೇಳೋಕೆ ಬಂದ್ವಿ,” ಎಂದೆ. “ಗಂಟಲಿಗೆ ಇಟ್ಕೊಂಡು ಮಾತಾಡೋದು.”

ಚಿಲಕ ಸರಿಯಿತು. ಇಪ್ಪತ್ತು ದಾಟಿದ ಹುಡುಗಿ, ಅತ್ತು ಊದಿದ ಕಣ್ಣು. ಕೋಣೆಯಲ್ಲಿ ದೀಪ ಹಾಕಿರಲಿಲ್ಲ. ಗೋಡೆಯುದ್ದಕ್ಕೂ ಕಂದು ಡಬ್ಬಿಗಳು, ಯಾರು ಯಾರವೋ.

“ಪ್ರಿಯಾ ಅಂದ್ರೆ ನೀವೇನಾ?” ಎಂದೆ.

“ನನ್ನ ಹೆಸ್ರು ಪ್ರಿಯಾ ಅಲ್ಲ ಸಾರ್. ಶಿವಲೀಲಾ. ಹರಿಹರದೋಳು. ಫೋನಲ್ಲಿ ಎಲ್ರೂ ಪ್ರಿಯಾ ಅಂತ್ಲೇ ಹೇಳ್ಬೇಕು ಅಂದಿದ್ರು. ಇನ್ನಿಬ್ರು ಬಿಟ್ಟೋದ್ರು. ಓನರ್ ಫೋನ್ ತೆಗೀತಿಲ್ಲ. ದಿನಾ ಯಾರಾದ್ರೂ ಬಂದು ಕೂಗಾಡ್ತಾರೆ. ನಿನ್ನೆ ಒಬ್ರು ಕುರ್ಚಿ ಎತ್ತಿ ಒಗೆದ್ರು.” ಮೂಲೆಯಲ್ಲಿ ಕಾಲು ಮುರಿದ ಕುರ್ಚಿ ಬಿದ್ದಿತ್ತು. “ನಾನೂ ಬಿಟ್ಟೋಗ್ಬೋದಿತ್ತು. ಈ ಡಬ್ಬಿಗಳ್ನ ಯಾರ್ ನೋಡ್ಕೊಳ್ಳೋದು ಅಂತ ಹೋಗ್ಲಿಲ್ಲ.”

ನಮ್ಮ ಯಂತ್ರ ಆ ಡಬ್ಬಿಗಳಲ್ಲಿ ಇರಲಿಲ್ಲ. ಅವಳು ಕಂಪ್ಯೂಟರಿನಲ್ಲಿ ಹುಡುಕಿ ಹೇಳಿದಳು: ಅದು ವಿಮಾನ ನಿಲ್ದಾಣದ ಕಸ್ಟಮ್ಸಿನಲ್ಲಿ ಕೂತಿದೆ, ವೈದ್ಯಕೀಯ ಸಾಮಾನಾದ್ದರಿಂದ ಡಾಕ್ಟರ ಚೀಟಿ ಕೇಳಿದ್ದಾರೆ, ಓನರಿಗೆ ತಿಳಿಸಿದ್ದಾರೆ, ಓನರು ನಮಗೆ ತಿಳಿಸಿಲ್ಲ. ಪಾರ್ಸಲ್ಲಿನ ನಂಬರನ್ನು ಬರೆದುಕೊಟ್ಟಳು. “ಬೇಗ ಹೋಗಿ ಸಾರ್. ಜಾಸ್ತಿ ದಿನ ಇಡಲ್ಲ, ವಾಪಸ್ ಕಳಿಸ್ಬಿಡ್ತಾರೆ. ಸಿಕ್ಕಿದ್ರೆ ಒಂದು ಫೋನ್ ಮಾಡಿ.”

ರಫೀಕ್ ಹೊರಡುವಾಗ, “ಬಾಗಿಲು ಹಾಕ್ಕೋ ಬೇಟಿ,” ಎಂದ.

ಆ ಸಂಜೆ ಮನೆಯಲ್ಲಿ ಎಲ್ಲವನ್ನೂ ಹೇಳಿದೆ, ಇನ್ನು ಮುಚ್ಚಿಡುವುದು ಸಾಧ್ಯವಿರಲಿಲ್ಲ. ಯಂತ್ರ ಸಿಗುವುದೋ ಇಲ್ಲವೋ ಎಂದು ಅವ್ವ ಕೇಳುತ್ತಾಳೆ ಎಂದುಕೊಂಡಿದ್ದೆ. ಅವಳು ಪಾಟಿಯಲ್ಲಿ ಬರೆದಳು: ‘ಆ ಹುಡುಗಿ ಒಬ್ಬಾಕಿನ ಇದ್ಲೇನು? ದೀಪಾನೂ ಹಚ್ಚಿರಲಿಲ್ಲೇನು?’

ಆಸ್ಪತ್ರೆಯಿಂದ ಚೀಟಿ ಪಡೆದು ವಿಮಾನ ನಿಲ್ದಾಣದ ಸರಕು ವಿಭಾಗಕ್ಕೆ ಹೋದೆ. ಖಾಕಿ ಕಂಡರೆ ದಾರಿ ಬದಲಿಸುವ ನನಗೆ ಅಲ್ಲಿ ಪ್ರತಿ ಬಾಗಿಲಲ್ಲೂ ಖಾಕಿ. ಅಧಿಕಾರಿ ಡಬ್ಬಿ ಬಿಚ್ಚಿಸಿ ಯಂತ್ರವನ್ನು ತಿರುಗಿಸಿ ನೋಡಿ ಗುಂಡಿ ಅದುಮಿದರು. ಗುಂಯ್ ಎಂದಿತು. ಕೋಣೆಯಲ್ಲಿದ್ದವರೆಲ್ಲ ಒಮ್ಮೆಗೇ ತಿರುಗಿದರು.

“ಏನ್ರೀ ಇದು? ಶೇವಿಂಗ್ ಮಷೀನಾ?”

“ಅಲ್ಲರೀ ಸಾಹೇಬ್ರ. ನಮ್ಮವ್ವನ ದನಿರೀ,” ಎಂದುಬಿಟ್ಟೆ. ಅಂಜಿದಾಗ ನನ್ನ ಬೆಂಗಳೂರು ಕನ್ನಡ ಕೈಕೊಡುತ್ತದೆ.

ಅವರು ಚೀಟಿಯನ್ನು ಓದಿದರು. ನನ್ನನ್ನೊಮ್ಮೆ ನೋಡಿದರು. ಯಂತ್ರವನ್ನು ತಾವೇ ಮತ್ತೆ ಡಬ್ಬಿಯಲ್ಲಿ ಜೋಪಾನವಾಗಿ ಇಟ್ಟು ಸಹಿ ಮಾಡಿದರು.

ಇಲ್ಲಿಗೆ ಕಥೆ ಮುಗಿಯಬೇಕಿತ್ತು. ನಾನೂ ಬಸ್ಸಿನಲ್ಲಿ ಡಬ್ಬಿಯನ್ನು ಎದೆಗವಚಿಕೊಂಡು ಬರುವಾಗ ಹಾಗೆಯೇ ತಿಳಿದಿದ್ದೆ. ಮನೆಯಲ್ಲಿ ಎಲ್ಲರೂ ಸುತ್ತ ಕೂತೆವು. ಅವ್ವ ಕೈ ತೊಳೆದು, ಕುಂಕುಮ ಸರಿಮಾಡಿಕೊಂಡು, ಯಂತ್ರವನ್ನು ಕತ್ತಿಗೆ ಒತ್ತಿ, ಜಾಗ ಹುಡುಕುತ್ತ ಅಲ್ಲಿ ಇಲ್ಲಿ ಸರಿಸಿದಳು. ಬರೀ ಗುಂಯ್ ಶಬ್ದ. ಇನ್ನೊಂದಿಷ್ಟು ಸರಿಸಿದಳು. ಒಮ್ಮೆಗೇ ಅದು ಮಾತಾಯಿತು.

“ಪಲ್‌ಲವಿ.”

ಏರಿಲ್ಲ, ಇಳಿವಿಲ್ಲ. ಕಬ್ಬಿಣದ ಕೊಳವೆಯ ಒಳಗಿನಿಂದ ಯಾರೋ ಕರೆದ ಹಾಗೆ. ನನ್ನ ಮೈಮೇಲಿನ ಕೂದಲು ನಿಂತವು. ಪಲ್ಲವಿ ಕಿಟಾರನೆ ಕಿರುಚಿ ತಾಯಿಯ ಬೆನ್ನ ಹಿಂದೆ ಅಡಗಿದಳು. “ಅಜ್ಜಿ ಒಳಗ ಯಾರೋ ಅದಾರ! ಅಜ್ಜಿ ಒಳಗ ಬ್ಯಾರೆ ಯಾರೋ ಅದಾರ!”

ಅವ್ವ ಗುಂಡಿ ಬಿಟ್ಟಳು. ಯಂತ್ರವನ್ನು ಡಬ್ಬಿಯಲ್ಲಿಟ್ಟು ಕಪಾಟಿಗೆ ಹಾಕಿ, ಪಾಟಿಯನ್ನು ಮತ್ತೆ ತೆಗೆದುಕೊಂಡಳು. ‘ಕೂಸು ಅಂಜಿತು. ಇರಲಿ ಬಿಡು’ ಎಂದು ಬರೆದಳು.

ಅಷ್ಟೆಲ್ಲ ಪಾಡುಪಟ್ಟು ಮನೆಗೆ ತಂದದ್ದು ಇದನ್ನೇ? ಮೋಸ ಹೋಗುವ ಭಯಕ್ಕಿಂತ ದೊಡ್ಡದೊಂದು ಭಯ ಈಗ ನನ್ನ ಎದೆಯಲ್ಲಿ ಕೂತಿತು. ನಾನು ಕೇಳಿದ್ದ ವಸ್ತುವೇ ಬಂದಿತ್ತು. ಯಾರನ್ನೂ ದೂರುವಂತಿರಲಿಲ್ಲ, ವಾಪಸು ಕೊಡುವಂತಿರಲಿಲ್ಲ. ಆ ಮೂರಕ್ಷರದ ನಡುವೆ ನಾನೂ ಬೆಚ್ಚಿದ್ದನ್ನು ಅವ್ವ ನೋಡಿದ್ದಳೇ? ಪಲ್ಲವಿ ರಾತ್ರಿ ಊಟಕ್ಕೂ ಅಜ್ಜಿಯ ಪಕ್ಕ ಕೂರಲೊಲ್ಲಳು. ಅವ್ವ ಅವಳತ್ತ ತಟ್ಟೆ ಸರಿಸುವುದನ್ನೂ ಬಿಟ್ಟಳು. ಶಿವಲೀಲಾಳಿಗೆ ಫೋನು ಮಾಡುವುದಿರಲಿ, ಅವಳ ನೆನಪೇ ನನಗೆ ಬರಲಿಲ್ಲ.

ಒಂದಷ್ಟು ದಿನ ಕಳೆದವು. ಸೆಲ್ವಿಯಮ್ಮ ಮೆಟ್ಟಿಲಲ್ಲಿ ಸಿಕ್ಕಿ, “ಏನ್ ಸಾರ್, ನೀವು ಡ್ಯೂಟಿಗೆ ಹೋದ್ಮೇಲೆ ಮಧ್ಯಾಹ್ನ ಎಲ್ಲಾ ನಿಮ್ಮನೇಲಿ ಮಿಕ್ಸಿ ಓಡ್ತಾನೇ ಇರುತ್ತೆ? ಏನು ರುಬ್ತೀರಾ ಅಷ್ಟು?” ಎಂದರು. ಸುಮಂಗಲಾಳೂ ಆ ಹೊತ್ತಿಗೆ ಪಲ್ಲವಿಯನ್ನು ಕರೆತರಲು ಶಾಲೆಗೆ ಹೋಗಿರುತ್ತಿದ್ದಳು. ಅವರಿಗೆ ವಯಸ್ಸಾಯಿತು, ರೈಲಿನ ಸದ್ದಿರಬೇಕು ಎಂದುಕೊಂಡೆ.

ಒಂದು ಭಾನುವಾರ ನಾವು ಮೂವರೂ ತಾರಸಿಯಲ್ಲಿ ಸಂಡಿಗೆ ಹಾಕುತ್ತಿದ್ದೆವು. ಕೆಳಗೆ ಫೋನು ರಿಂಗಾಗತೊಡಗಿತು. ಆಪರೇಷನ್ ಆದಮೇಲೆ ಅವ್ವ ಫೋನಿನ ಹತ್ತಿರ ಸುಳಿದವಳಲ್ಲ, ಚಪ್ಪಾಳೆ ತಟ್ಟಿ ನಮ್ಮನ್ನು ಕರೆಯುತ್ತಿದ್ದಳು. ಚಪ್ಪಾಳೆ ಕೇಳಲಿಲ್ಲ. ಫೋನು ರಿಂಗಾಗಿ ರಿಂಗಾಗಿ ಅರ್ಧಕ್ಕೆ ನಿಂತಿತು. ನನಗೆ ಕೆಟ್ಟದ್ದೇ ಹೊಳೆಯಿತು. ಹಿಟ್ಟಿನ ಕೈಯಲ್ಲೇ ಮೆಟ್ಟಿಲಿಳಿದು ಓಡಿದೆ. ಪಲ್ಲವಿ ನನ್ನ ಹಿಂದೆ.

ಅವ್ವ ನಮಗೆ ಬೆನ್ನು ಮಾಡಿ ನಿಂತಿದ್ದಳು. ಒಂದು ಕೈಯಲ್ಲಿ ರಿಸೀವರು, ಇನ್ನೊಂದರಲ್ಲಿ ಯಂತ್ರ.

“ಅಲೋ,” ಎಂದಿತು ಯಂತ್ರ. ಅದಕ್ಕೆ ‘ಹ’ ಬರುವುದಿಲ್ಲ.

ರಿಸೀವರಿನೊಳಗೆ ಯಾರೋ ಚೀರಿದ್ದು ನನಗೂ ಕೇಳಿಸಿತು. ಫೋನು ಕಟ್ಟಾಯಿತು. ಅವ್ವ ರಿಸೀವರನ್ನು ಸ್ವಲ್ಪ ಹೊತ್ತು ನೋಡಿ ಕೆಳಗಿಟ್ಟಳು. ಮುಗಿಯಿತು, ಇನ್ನು ಆ ಯಂತ್ರವನ್ನು ಈ ಜನ್ಮದಲ್ಲಿ ಮುಟ್ಟುವುದಿಲ್ಲ ಎಂದುಕೊಂಡೆ. ನನ್ನ ಕಾಲಿಗೆ ಅಂಟಿ ನಿಂತಿದ್ದ ಪಲ್ಲವಿ ನನ್ನ ಪ್ಯಾಂಟನ್ನು ಮುಷ್ಟಿಯಲ್ಲಿ ಹಿಡಿದಿದ್ದಳು.

ಫೋನು ಮತ್ತೆ ರಿಂಗಾಯಿತು. ಹೋಗಿ ಎತ್ತಬೇಕೆಂದು ನಾನು ಹೆಜ್ಜೆ ಮುಂದಿಡುವುದರೊಳಗೆ ಅವ್ವನೇ ಎತ್ತಿದಳು.

“ಇಡಬ್ಯಾಡ. ನಾ ಬಸವರಾಜನ ಅವ್ವ,” ಎಂದಳು. ಒಂದೊಂದೇ ಮಾತು, ಬಿಡಿಸಿ ಬಿಡಿಸಿ, ತಪ್ಪಿಲ್ಲದೆ. ಒಂದೇ ದಿನದಲ್ಲಿ ಬರುವ ಮಾತಲ್ಲ ಅದು. ಸೆಲ್ವಿಯಮ್ಮನ ಮಿಕ್ಸಿ ನನಗೆ ಆಗ ಅರ್ಥವಾಯಿತು.

ಆ ಕಡೆಯ ದನಿ ಏನೋ ಹೇಳಿತು. ಅವ್ವ ಕೇಳಿಸಿಕೊಂಡಳು.

“ಬಂತವಾ, ಮುಟ್ಟಿತು. ನೀ ಶಿವಲೀಲಾ ಏನು?”

ಅವಳೇ. ಆ ಕೋಣೆಯ ಡಬ್ಬಿಗಳ ಮೇಲಿದ್ದ ಹೆಸರುಗಳನ್ನು ನೋಡಿ ಒಬ್ಬೊಬ್ಬರಿಗೂ ತಾನೇ ಫೋನು ಮಾಡಿ, ಬಂದವರಿಗೆಲ್ಲ ಅವರವರ ಸಾಮಾನು ಒಪ್ಪಿಸಿದ್ದಳು. ಆಮೇಲೆ ಆಫೀಸಿನ ಬೀಗದ ಕೈಯನ್ನು ಕೆಳಗಿನ ಪಂಪಿನ ಅಂಗಡಿಯವರಿಗೆ ಕೊಟ್ಟು, ಊರಿಗೆ ಹೋಗುವ ಮುನ್ನ ನಮಗೊಂದು ಫೋನು ಮಾಡೋಣವೆಂದು ರಸ್ತೆ ಬದಿಯ ಬೂತಿನಲ್ಲಿ ನಿಂತಿದ್ದಳು. ಇದೆಲ್ಲ ಆಮೇಲೆ ತಿಳಿದದ್ದು. ಆಗ ನನಗೆ ಕೇಳಿಸಿದ್ದು ಅವಳ ಅಳು ಮಾತ್ರ, ರಿಸೀವರಿನೊಳಗಿಂದ ಸಣ್ಣಗೆ.

ಪಲ್ಲವಿ ನನ್ನ ಪ್ಯಾಂಟು ಬಿಟ್ಟು ಒಂದೊಂದೇ ಹೆಜ್ಜೆ ಇಡುತ್ತ ಹೋಗಿ ಅಜ್ಜಿಯ ಸೆರಗಿನ ತುದಿ ಹಿಡಿದು ನಿಂತಳು. ಅವ್ವ ಅವಳನ್ನು ನೋಡಲಿಲ್ಲ. ಯಂತ್ರವನ್ನು ಕತ್ತಿಗೆ ಇನ್ನಷ್ಟು ಗಟ್ಟಿಯಾಗಿ ಒತ್ತಿದಳು.

“ಅಂಜಬ್ಯಾಡವಾ. ನನ್ನ ದನಿ ಈಗ ಇಂಗ ಐತಿ. ಊಟ ಆತೇನು?”